ಬೂದೆಮ್ಮನ ಕಾಲುಭಾಗ

ಕಸದ ಡಬ್ಬಿಯ ಮೂಲಕ ನನಗೆ ಪರಿಚಯವಾದವರು ಬೂದೆಮ್ಮ ಒಬ್ಬರೇ.

ಆಗ ನಾವು ಸಿಡ್ನಿಗೆ ಬಂದು ಎಂಟು ತಿಂಗಳಾಗಿತ್ತು. ಎಪಿಂಗ್‌ನ ಹಳೆಯ ಇಟ್ಟಿಗೆಯ ಯೂನಿಟ್ಟೊಂದರಲ್ಲಿ ಬಾಡಿಗೆಗೆ ಇದ್ದೆವು. ಒಂದು ಶನಿವಾರ ಬೆಳಿಗ್ಗೆ ಬಾಗಿಲು ತೆರೆದರೆ ಎತ್ತರದ, ಸಣಕಲು ಮುದುಕಿಯೊಬ್ಬರು ನಿಂತಿದ್ದರು. ಗಂಡಸರ ಹಾಗೆ ಕತ್ತರಿಸಿದ ಬಿಳಿ ಕೂದಲು, ಕೈಗೆ ತೋಟದ ಗ್ಲೌಸು, ಆ ಕೈಯಲ್ಲಿ ನಮ್ಮ ಮನೆಯ ಖಾಲಿ ಪ್ಲಾಸ್ಟಿಕ್ ಕವರು. ಅದನ್ನು ಮರುಬಳಕೆಯ ಕಸಕ್ಕೆಂದಿದ್ದ ಹಳದಿ ಮುಚ್ಚಳದ ಡಬ್ಬಿಗೆ ಹಿಂದಿನ ದಿನ ಹಾಕಿದ್ದವಳು ನಾನೇ. ಯಾವ ಕಸ ಯಾವ ಡಬ್ಬಿಗೆ ಎಂಬುದರಲ್ಲಿ ಈ ಊರಿನವರು ಮಡಿ ಮೈಲಿಗೆ ನೋಡುವ ನಮ್ಮ ಅಜ್ಜಿಯನ್ನೂ ಮೀರಿಸುತ್ತಾರೆ, ತಪ್ಪಿದರೆ ನಗರಸಭೆಯಿಂದ ಕಾಗದ ಬರುತ್ತದೆ ಎಂದು ನನ್ನ ಗಂಡ ಮೊದಲೇ ಹೆದರಿಸಿದ್ದರು. ನಾನು ಬಾಯಲ್ಲಿ ‘ಸಾರಿ’ ಸಿದ್ಧಮಾಡಿಕೊಂಡೆ. ಆಕೆ ಕವರನ್ನು ನನ್ನ ಮುಖದ ಮುಂದೆ ಹಿಡಿದು ಕೇಳಿದರು: “ಹುರುಳಿ ಐತಾ?”

ನಮ್ಮ ಬಳ್ಳಾರಿ ಕಡೆಯ ‘ಐತಾ’. ಬೆಂಗಳೂರಿನಲ್ಲಿ ಹತ್ತು ವರ್ಷ ಇದ್ದು ನಾನೇ ನಾಲಿಗೆಯಿಂದ ತೊಳೆದುಕೊಂಡಿದ್ದ ಮಾತು.

“ಐತಿ” ಅಂದೆ. ಬೇರೇನು ಹೇಳಲಿ? ಒಳಗೆ ಬಂದರು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಹುರುಳಿ ಕಟ್ಟಿನ ಸಾರನ್ನು ಎರಡು ಬಟ್ಟಲು ಕುಡಿದರು. ಕುಡಿದ ಮೇಲೆ ಇಂಗ್ಲಿಷಿನಲ್ಲಿ ಹೇಳಿದರು, “ಐವತ್ತು ವರ್ಷವಾಗಿತ್ತು.” ಕಣ್ಣಲ್ಲಿ ನೀರಿತ್ತು. ಸಾರಿನ ಖಾರಕ್ಕೋ ಏನೋ ಎಂದು ನಾನು ಅಂದುಕೊಂಡೆ.

ಅವರ ನಿಜವಾದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಆ ಹೆಸರು ದಪ್ಪ ಪುಸ್ತಕಗಳ ಬೆನ್ನ ಮೇಲಿದೆ, ಅದನ್ನು ಬಲ್ಲವರು ಬಲ್ಲರು. ಡೆನ್ಮಾರ್ಕಿನ ಆ ಹೆಸರು, ಬಳ್ಳಾರಿ ಕಡೆ ಅವರ ಪುರಾತತ್ವದ ಅಗೆತಕ್ಕೆ ಬರುತ್ತಿದ್ದ ನಮ್ಮ ಕೂಲಿ ಹೆಂಗಸರ ಬಾಯಲ್ಲಿ ನಿಲ್ಲದೆ, ಮೊದಲು ‘ದೊರೆಸಾನಿ’ ಆಗಿ, ಆಮೇಲೆ ಬೂದಿ ಅಗೆಯುವ ಅಮ್ಮ ಎಂದು ‘ಬೂದೆಮ್ಮ’ ಆಯಿತಂತೆ. ತಮಗೆ ಸಿಕ್ಕ ಬಿರುದುಗಳನ್ನೆಲ್ಲ ಒಂದು ಶೂ ಡಬ್ಬಿಯಲ್ಲಿ ತುಂಬಿಟ್ಟಿದ್ದ ಆಕೆ, ಇದೊಂದನ್ನು ಮಾತ್ರ ಹೇಳಿಕೊಂಡು ತಿರುಗುತ್ತಿದ್ದರು. ಹಿರಿಯರನ್ನು ಹೆಸರು ಹಿಡಿದು ಕರೆಯಲು ನನಗಿನ್ನೂ ಬಾಯಿ ಬರುತ್ತಿರಲಿಲ್ಲ, ಎಲ್ಲರಂತೆ ಆಂಟಿ ಎನ್ನಲು ಮನಸ್ಸು ಬರಲಿಲ್ಲ. ನನಗೂ ಅವರು ಬೂದೆಮ್ಮನೇ ಆದರು.

ಅವರು ಬೆಳೆದದ್ದು ಸಮುದ್ರದ ದಂಡೆಯ ಊರಿನಲ್ಲಿ. ಮನೆಯ ಹಿಂದೆ ಒಂದು ದಿಬ್ಬ. ಸಾವಿರಾರು ವರ್ಷಗಳ ಹಿಂದಿನ ಜನ ಚಿಪ್ಪುಮೀನು ತಿಂದು ಎಸೆದ ಚಿಪ್ಪುಗಳೇ ಸೇರಿ ಆದ ದಿಬ್ಬ. “ಬೇರೆ ಮಕ್ಕಳು ಮರಳಿನಲ್ಲಿ ಆಡಿದರು, ನಾನು ತಿಪ್ಪೆಯಲ್ಲಿ ಆಡಿದೆ” ಎನ್ನುತ್ತಿದ್ದರು. ದೊಡ್ಡವರಾದ ಮೇಲೂ ಆ ಆಟ ಬಿಡಲಿಲ್ಲ. ಅವರ ಕಾಲದ ಪುರಾತತ್ವದವರು ಕತ್ತಿ, ಕಿರೀಟ, ದೊರೆಗಳ ಗೋರಿ ಹುಡುಕುತ್ತಿದ್ದಾಗ ಇವರು ಒಲೆಯ ಬೂದಿಯನ್ನು ಬಕೆಟ್ಟಿನ ನೀರಿಗೆ ಸುರಿದು, ಮೇಲೆ ತೇಲಿದ ಸುಟ್ಟ ಕಾಳುಗಳನ್ನು ಚಹಾ ಸೋಸುವ ಜರಡಿಯಲ್ಲಿ ಹಿಡಿದು ಕೂತರು. ಇದೇನು ಅಗೆತವೋ ಪಾತ್ರೆ ತೊಳೆಯುವುದೋ ಎಂದು ಗಂಡಸರು ನಕ್ಕರಂತೆ. ಮುಂದೆ ಅವರೆಲ್ಲ ಬಕೆಟ್ಟು ಕೊಂಡರು. ಆ ಮಾತು ಬಂದಾಗ ಬೂದೆಮ್ಮ ಗೆದ್ದ ನಗೆಯನ್ನೇನೂ ನಗುತ್ತಿರಲಿಲ್ಲ. “ಜರಡಿ ಮಾತ್ರ ಒಳ್ಳೆಯದು ಕೊಳ್ಳಲಿಲ್ಲ” ಎನ್ನುತ್ತಿದ್ದರು.

ಮೂವತ್ತು ತುಂಬುವ ಮೊದಲೇ ನಮ್ಮ ಕಡೆಗೆ ಬಂದರು. ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಬೂದಿಗುಡ್ಡಗಳಿವೆ. ರಾಕ್ಷಸರನ್ನು ಸುಟ್ಟ ಬೂದಿ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಲೋಹ ಕಾಣದ ಕಾಲದ ದನಗಾಹಿಗಳು ಸಗಣಿಯನ್ನು ಗುಡ್ಡೆ ಹಾಕಿ, ಸುಟ್ಟು, ಮತ್ತೆ ಗುಡ್ಡೆ ಹಾಕಿ, ಮತ್ತೆ ಸುಟ್ಟು ತಲೆತಲಾಂತರದಲ್ಲಿ ಎಬ್ಬಿಸಿದ ಗುಡ್ಡಗಳು ಅವು. ಬೂದೆಮ್ಮ ಅಂಥದೊಂದನ್ನು ಹಿಡಿದು ನಾಲ್ಕು ಚಳಿಗಾಲ ಅಗೆದರು. ಹುರುಳಿಯ ಕಾಳು ಸಿಕ್ಕಿತು, ಗಟ್ಟಿಯಾದ ಕೆಸರಿನಲ್ಲಿ ಕರುವಿನ ಗೊರಸಿನ ಗುರುತು ಸಿಕ್ಕಿತು. ಆದರೆ ಅಷ್ಟು ಒಳ್ಳೆಯ ಗೊಬ್ಬರವನ್ನು ಆ ಜನ ಹೊಲಕ್ಕೆ ಹಾಕದೆ ವರ್ಷ ವರ್ಷ ಯಾಕೆ ಸುಟ್ಟರು? ಅದಕ್ಕೆ ಉತ್ತರ ಸಿಗಲಿಲ್ಲ. ಇನ್ನೊಂದು ಚಳಿಗಾಲ ಅಗೆದಿದ್ದರೆ ಸಿಗುತ್ತಿತ್ತೋ ಏನೋ. ಅವರು ಅಗೆಯಲಿಲ್ಲ.

ಅದು ಅವರ ನೇಮ. ಎಲ್ಲಿ ಅಗೆದರೂ ಕಾಲುಭಾಗ ಮುಟ್ಟದೆ ಬಿಡುವುದು. “ಅಗೆಯುವುದು ಅಂದರೆ ಹಾಳುಮಾಡುವುದೇ. ಒಂದು ಪುಟ ಓದಿದ ಕೂಡಲೇ ಹರಿದು ಎಸೆದ ಹಾಗೆ. ಅದಕ್ಕೇ ಸ್ವಲ್ಪ ಬಿಡಬೇಕು. ನಮಗಿಂತ ಜಾಣರು ಬರುತ್ತಾರೆ, ಒಳ್ಳೆಯ ಜರಡಿ ತರುತ್ತಾರೆ.” ಇದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಪಂಡಿತರೊಬ್ಬರು ಆ ಗುಡ್ಡದ ಬಗ್ಗೆ ಅವರು ಬರೆದ ಪುಸ್ತಕವನ್ನು ‘ಮುಕ್ಕಾಲು ಪುಸ್ತಕ’ ಎಂದು ಹೀಗಳೆದು ಬರೆದರಂತೆ. “ಸರಿಯಾಗೇ ಬರೆದಿದ್ದಾನೆ. ಉಳಿದ ಕಾಲು ಬಳ್ಳಾರಿಯಲ್ಲಿದೆ” ಎಂದು ಬೂದೆಮ್ಮ ಉತ್ತರ ಕಳಿಸಿದರು. ತಮ್ಮ ಜೀವಮಾನದ ಪ್ರಶ್ನೆಯನ್ನು ಗುಡ್ಡದ ಈಶಾನ್ಯಕ್ಕೆ ಬಿಟ್ಟ ಆ ಕಾಲುಭಾಗದ ಒಳಗೆ ಜೋಪಾನವಾಗಿಟ್ಟು, ಅದು ಅಲ್ಲಿದೆ ಎಂಬ ನೆಮ್ಮದಿಯಲ್ಲೇ ಐವತ್ತು ವರ್ಷ ಕಳೆದಿದ್ದರು.

ಆಮೇಲೆ ಅವರು ಮೆಲ್ಬರ್ನಿನವರೊಬ್ಬರನ್ನು ಮದುವೆಯಾಗಿ ಅಲ್ಲೇ ಬಹಳ ವರ್ಷ ಪಾಠ ಹೇಳಿದರು. ಗಂಡ ತೀರಿಕೊಂಡ ಮೇಲೆ ಸಿಡ್ನಿಗೆ ಬಂದು ನಮ್ಮ ಕಟ್ಟಡದಲ್ಲೇ ಮನೆ ಮಾಡಿದ್ದರು. ಇಲ್ಲಿನ ಕಡಲ ಅಂಚಿನಲ್ಲೂ ಈ ನೆಲದ ಮೂಲನಿವಾಸಿಗಳು ಬಿಟ್ಟುಹೋದ ಚಿಪ್ಪಿನ ದಿಬ್ಬಗಳಿವೆ, ಅದಕ್ಕೆ ಅಂತೆ. ಭಾನುವಾರ ರೈಲು ಹತ್ತಿ ಹೋಗಿ ದೂರದಿಂದ ನೋಡಿ ಬರುವರು. ಒಂದು ಚಿಪ್ಪನ್ನೂ ಎತ್ತುತ್ತಿರಲಿಲ್ಲ. “ಇದರ ವಾರಸುದಾರರು ಬದುಕಿದ್ದಾರೆ. ಅವರನ್ನು ಕೇಳದೆ ಮುಟ್ಟಬಾರದು” ಎನ್ನುವರು. ನಮ್ಮ ಕಟ್ಟಡದ ಕಸದ ಡಬ್ಬಿಗಳಿಗೆ ಮಾತ್ರ ಈ ನಿಯಮ ಇರಲಿಲ್ಲ. ಮೂರನೇ ಮನೆಯವರು ಸಿಗರೇಟು ಬಿಟ್ಟಿದ್ದು, ಮೇಲಿನ ಮನೆಯ ಹುಡುಗಿಗೆ ಮಗುವಾಗಲಿರುವುದು, ಎಲ್ಲ ಅವರಿಗೆ ನಮಗಿಂತ ಮೊದಲೇ ತಿಳಿಯುತ್ತಿತ್ತು. ಯಾರಿಗೂ ಹೇಳುತ್ತಿರಲಿಲ್ಲ ಅನ್ನುವುದು ಅವರ ದೊಡ್ಡ ಗುಣ.

ಹೇಳುತ್ತಿರಲಿಲ್ಲ, ಆದರೆ ಬರೆಯುತ್ತಿದ್ದರು. ಅಂಗೈಯಗಲದ ರಟ್ಟಿನ ಕಾರ್ಡುಗಳು. ಯಾರಿಂದ ಏನು ತಿಳಿದರೂ ಒಂದು ಕಾರ್ಡು. ಮೂಲೆಯಲ್ಲಿ ‘ಕಂಡದ್ದು’ ಅಥವಾ ‘ಕೇಳಿದ್ದು’ ಎಂಬ ಒಂದು ಗುರುತು, ಕೆಳಗೆ ಹೇಳಿದವರ ಹೆಸರು. “ಮುಂಬದಿ ಅವರು ಹೇಳಿದ್ದು, ಹಿಂಬದಿ ನನಗೆ ಅನಿಸಿದ್ದು. ಎರಡನ್ನೂ ಬೆರೆಸಬಾರದು. ಬೆರೆಸಿದರೆ ಮುಂದೆ ಓದುವವರಿಗೆ ಸೋಸಲು ಆಗುವುದಿಲ್ಲ.” ಬರೆದ ಮೇಲೆ ಅಳಿಸುವ ಹಾಗಿಲ್ಲ, ತಪ್ಪು ತಿಳಿದರೆ ಹೊಸ ಕಾರ್ಡು ಬರೆದು ಹಳೆಯದರ ಹಿಂದೆ ಸೇರಿಸಬೇಕು. ನನ್ನ ಪುಳಿಯೋಗರೆಗೂ ಒಂದು ಕಾರ್ಡಾಯಿತು. ಒಂದು ದಿನ ಅವರ ಮೇಜು ಒರೆಸುವಾಗ ಅದು ಬಿದ್ದು ಮಗುಚಿಕೊಂಡಿತು. ಮುಂದೆ ನಾನು ಹೇಳಿದ ವಿಧಾನ, ಕೆಳಗೆ ನನ್ನ ಹೆಸರು. ಹಿಂದೆ ಇಷ್ಟೇ ಇತ್ತು: ‘ಎಣ್ಣೆ ಜಾಸ್ತಿ. ಹೇಳಬಾರದು.’ ನಾನು ನಗು ತಡೆದುಕೊಂಡು ಕಾರ್ಡನ್ನು ಸ್ವಸ್ಥಾನಕ್ಕೆ ಸೇರಿಸಿದೆ. ಮುಂದಿನ ಸಲ ಎಣ್ಣೆ ಕಡಿಮೆ ಹಾಕಿದೆ. ಬೂದೆಮ್ಮ ತಿನ್ನುತ್ತ ನನ್ನನ್ನೇ ದಿಟ್ಟಿಸಿ ನೋಡಿದರು.

ನನ್ನ ಕೆಲಸ ಮ್ಯಾಕ್ವೆರಿ ಪಾರ್ಕಿನ ಒಂದು ಔಷಧಿ ಕಂಪನಿಯಲ್ಲಿ, ದಾಖಲೆಗಳನ್ನು ಪರೀಕ್ಷಿಸುವುದು. ಅಲ್ಲಿಯೂ ಬರೆದದ್ದನ್ನು ಅಳಿಸುವಂತಿಲ್ಲ. ತಪ್ಪಾದರೆ ಹಳೆಯದು ಓದಲು ಬರುವಂತೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿಯಾದದ್ದು ಬರೆದು, ಸಹಿ, ತಾರೀಕು ಹಾಕಬೇಕು. ಇದನ್ನು ಹೇಳಿದಾಗ ಬೂದೆಮ್ಮ ಮಗುವಿನಂತೆ ಕೈತಟ್ಟಿದರು. “ನಿಮ್ಮ ಮಾತ್ರೆ ಮಾಡುವವರಿಗೆ ನಮ್ಮವರಿಗಿಂತ ಬುದ್ಧಿ ಇದೆ!” ಆ ಹುರುಪಿನಲ್ಲಿ ನಾನು ಇನ್ನೊಂದನ್ನೂ ಹೇಳಿಕೊಂಡೆ. ಸಹೋದ್ಯೋಗಿಯೊಬ್ಬ ಥರ್ಮಾಮೀಟರ್ ನೋಡದೆಯೇ ಪುಸ್ತಕದಲ್ಲಿ ಅಂಕಿ ತುಂಬಿದ್ದ. ನಾನು ಹಿಡಿದು ಮೇಲಿನವರಿಗೆ ಬರೆದೆ, ಅವನ ಕೆಲಸ ಹೋಯಿತು. ಬೂದೆಮ್ಮ ಕೇಳಿದರು, “ಯಾಕೆ ಹಾಗೆ ಮಾಡಿದ ಅಂತ ಅವನನ್ನು ಕೇಳಿದೆಯಾ?” ಕೇಳಿರಲಿಲ್ಲ. ಕೇಳಬೇಕಾದದ್ದೇನಿದೆ, ಸುಳ್ಳು ಸುಳ್ಳೇ ಎಂದು ನನ್ನ ಅಂದಿನ ಹಮ್ಮು.

ಮುಂದೆ ನಾವೂ ಎಲ್ಲರಂತೆ ಮಾರ್ಟ್‌ಗೇಜ್ ಎಂಬ ಮನೆಸಾಲದ ನೊಗಕ್ಕೆ ಕತ್ತು ಕೊಟ್ಟು ರೌಸ್ ಹಿಲ್‌ಗೆ ಹೋದೆವು. ಮೆಟ್ರೋ ದಾರಿಯಲ್ಲೇ ಎಪಿಂಗ್ ಸಿಗುತ್ತದೆ. ಗುರುವಾರ ಗುರುವಾರ ಆಫೀಸಿನಿಂದ ಬರುತ್ತ ಅಲ್ಲಿ ಇಳಿದು, ಸ್ಟೀಲ್ ಡಬ್ಬಿಯಲ್ಲಿ ಸಾರು ಕೊಟ್ಟು, ಹಿಂದಿನ ವಾರದ ಡಬ್ಬಿ ಇಸಿದುಕೊಂಡು, ಅರ್ಧ ಗಂಟೆ ಕೂತು ಬರುವುದು ರೂಢಿಯಾಯಿತು. ಮಗಳ ಹುಟ್ಟುಹಬ್ಬಕ್ಕೆ ಅವರೇ ರೌಸ್ ಹಿಲ್‌ವರೆಗೆ ಬಂದರು. ಮಗಳು ಕೇಕಿನ ಮೇಲೆ ಚಾಕು ಎತ್ತಿದ್ದೇ ತಡ, ಹಿಂದಿನಿಂದ ಬೂದೆಮ್ಮ “ಮೆತ್ತಗವ್ವಾ, ಮೆತ್ತಗ!” ಎಂದು ಕೂಗಿದರು. ಅಗೆತದ ಗುಂಡಿಯಲ್ಲಿ ಕೂಲಿ ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದ ಮಾತಂತೆ ಅದು. ಬಂದಿದ್ದ ಕನ್ನಡದವರೆಲ್ಲ ಬಾಯಿ ತೆರೆದು ನೋಡಿದರು. ಮಗಳು ಮಾತ್ರ ಎಂದಿನಂತೆ “ಐ ನೋ, ಐ ನೋ” ಎಂದು ಇಂಗ್ಲಿಷಿನಲ್ಲೇ ಉತ್ತರ ಕೊಟ್ಟು ಮೆತ್ತಗೆ ಕತ್ತರಿಸಿದಳು.

ಎರಡು ವರ್ಷದ ಹಿಂದೆ ಸೋದರಮಾವನ ಮಗಳ ಮದುವೆಗೆ ಊರಿಗೆ ಹೊರಟೆ. ಹಿಂದಿನ ಗುರುವಾರ ಬೂದೆಮ್ಮ ಒಂದು ಹಾಳೆ ಕೊಟ್ಟರು. ಪೆನ್ಸಿಲಿನಲ್ಲಿ ಬರೆದ ನಕ್ಷೆ. ಕೆರೆ, ಹುಣಸೆಮರ, ಗುಡ್ಡ, ಗುಡ್ಡದ ಈಶಾನ್ಯ ಮೂಲೆಗೆ ಅಡ್ಡಗೆರೆ. ಕೈ ನಡುಗುತ್ತಿದ್ದರಿಂದ ಗೆರೆಗಳೆಲ್ಲ ಅಲೆಅಲೆಯಾಗಿದ್ದವು.

“ನನ್ನ ಕಾಲುಭಾಗ ಹೇಗಿದೆ, ನೋಡಿ ಬಾ. ಮಣ್ಣು ಗಿಣ್ಣು ತರಬೇಡ, ಏರ್‌ಪೋರ್ಟಿನಲ್ಲಿ ಹಿಡಿಯುತ್ತಾರೆ. ಒಂದು ಫೋಟೋ ಸಾಕು” ಅಂದರು. ಆಮೇಲೆ ನನ್ನ ಕೈ ಹಿಡಿದುಕೊಂಡು, “ಮೆಲ್ಬರ್ನಿನಲ್ಲಿ ಈಗ ಒಳ್ಳೆಯ ಜರಡಿಗಳು ಬಂದಿವೆ. ಅಲ್ಲಿನ ನನ್ನ ಶಿಷ್ಯರಿಗೆ ಹೇಳಿ ಹೋಗಬೇಕು, ಅದು ಇದೆ ಅಂತ” ಅಂದರು.

ಮದುವೆಯ ಮಾರನೆಯ ದಿನ ಮಾವ ತಮ್ಮ ಕಾರಿನಲ್ಲಿ ಕರೆದುಕೊಂಡು ಹೋದರು. ನಕ್ಷೆ ಹಿಡಿದು ಒಂದು ಗಂಟೆ ಸುತ್ತಿದೆವು. ಹೊಸ ರಸ್ತೆ, ಚೆನ್ನಾಗಿ ಎತ್ತರಿಸಿ ಅಗಲ ಮಾಡಿದ್ದು. ಎರಡೂ ಬದಿಗೆ ಕಾಲುವೆ ನೀರಿನ ಭತ್ತದ ಗದ್ದೆ. ಕೆರೆ ಸಿಕ್ಕಿತು, ಹುಣಸೆಮರವೂ ಸಿಕ್ಕಿತು, ಗುಡ್ಡ ಸಿಗಲಿಲ್ಲ. ಕಾಲುವೆಯ ದಡದಲ್ಲಿ ಒಬ್ಬ ಮುದುಕಿ ಹುಲ್ಲು ಕೊಯ್ಯುತ್ತಿದ್ದಳು. ಮಾವ ಕಾರಿನಿಂದ ಇಳಿದು ಕೇಳಿದರು.

“ಬೂದಿಗುಡ್ಡ ಎಲ್ಲೈತಬೇ?”

ಅವಳು ಕುಡುಗೋಲಿನಿಂದ ನಮ್ಮ ಕಾಲ ಕೆಳಗೆ ತೋರಿಸಿದಳು. “ಅದರ ಮ್ಯಾಲೇ ನಿಂತೀರಲ್ಲ. ರೋಡಿಗೆ ಮಣ್ಣು ಬೇಕಂತ ಜೇಸೀಬಿ ತಂದ್ರು. ಒಂದು ವಾರದಾಗ ಗುಡಿಸಿ ಹಾಕಿದ್ರು ನೋಡ್ರಿ.”

“ಎಲ್ಲಾನೂ?” ಎಂದು ನಾನು ಕೇಳಿದೆ.

“ಮತ್ತ? ಅರ್ಧ ಮರ್ಧ ಬಿಡಾಕ ಅದೇನು ದೇವರ ಪ್ರಸಾದ ಏನವ್ವ?”

ಬಿಸಿಲಿನಲ್ಲಿ ರಸ್ತೆಯ ಮೇಲೆ ನಿಂತೆ. ಲಾರಿಗಳು ಹೋಗುತ್ತಿದ್ದವು. ಸುಮಾರು ಆರು ಸಾವಿರ ಮೈಲಿಯಾಚೆ ಒಬ್ಬ ಮುದುಕಿ ಕಿಟಕಿಯ ಬಳಿ ಕೂತು ಈ ಗುಡ್ಡದ ನೆಮ್ಮದಿಯಲ್ಲಿದ್ದಾಳಲ್ಲ. ಮುಕ್ಕಾಲು ಪುಸ್ತಕದ ಉಳಿದ ಕಾಲು ನನ್ನ ಚಪ್ಪಲಿಯ ಕೆಳಗಿತ್ತು. ಇದನ್ನು ಯಾವ ಬಾಯಲ್ಲಿ ಹೇಳಲಿ? ಮಾವನಿಗೆ ಎಲ್ಲ ಹೇಳಿದೆ. ಅವರು ಪಾಪದ ಮನುಷ್ಯ, ಯಾರ ಕಣ್ಣೀರನ್ನೂ ನೋಡಲಾರದವರು. ವಾಪಸು ಬರುತ್ತ ಒಂದು ಅಕ್ಕಿ ಗಿರಣಿಯ ಹಿತ್ತಲಿನ ಹತ್ತಿರ ಕಾರು ನಿಲ್ಲಿಸಿದರು. ಭತ್ತದ ಹೊಟ್ಟು ಸುಟ್ಟ ಬೂದಿಯನ್ನು ತಂದು ಸುರಿದು ಸುರಿದು ಅಲ್ಲಿ ಎರಡಾಳೆತ್ತರದ ರಾಶಿಯಾಗಿತ್ತು. ಮೇಲೆ ಜಾಲಿಗಿಡ ಬೆಳೆದಿತ್ತು.

“ಇದನ್ನ ಹೊಡ್ಕೊಂಡು ಹೋಗಿಬಿಡು. ಬೂದಿ ಅಂದ್ರ ಬೂದಿ. ವಯಸ್ಸಾದ ಜೀವ, ಆಯಮ್ಮಗೇನು ಗೊತ್ತಾಕೈತಿ?”

ಥರ್ಮಾಮೀಟರ್ ನೋಡದೆ ಅಂಕಿ ಬರೆದವನನ್ನು ಮನೆಗೆ ಕಳಿಸಿದವಳು ನಾನು. ಫೋನು ಎತ್ತಿ ಫೋಟೋ ಹೊಡೆದೆ. ಒಂದಲ್ಲ, ಮೂರು.

ಸಿಡ್ನಿಗೆ ಬಂದ ಮೇಲೆ ಚೆನ್ನಾಗಿ ಬಂದ ಒಂದನ್ನು ಪ್ರಿಂಟ್ ಹಾಕಿಸಿಕೊಂಡು ಗುರುವಾರ ಹೋದೆ. ಬೂದೆಮ್ಮ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಡ್ರಾಯರಿನಿಂದ ಭೂತಗನ್ನಡಿ ತೆಗೆದು ನೋಡಿದರು. ಬಹಳ ಹೊತ್ತು ನೋಡಿದರು. ನಾನು ಸಾರಿನ ಡಬ್ಬಿಯ ಮುಚ್ಚಳವನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದೆ.

“ಬಿಸಿಲಿತ್ತಾ?” ಅಂದರು.

“ಇತ್ತು. ತುಂಬಾ.”

“ಜಾಲಿ ಬೆಳೆದಿದೆ.”

“ಹೌದು. ಆದರೆ ಗುಡ್ಡ ಹಾಗೇ ಇದೆ. ನೀವು ಬಿಟ್ಟ ಮೂಲೆ ಯಾರೂ ಮುಟ್ಟಿಲ್ಲ.”

“ನೀನೇ ಕಂಡೆಯಾ?”

“ಕಂಡೆ.”

ಅವರು ಒಂದು ಕಾರ್ಡು ತೆಗೆದುಕೊಂಡು ಬರೆದರು. ಫೋಟೋವನ್ನು ಅದಕ್ಕೆ ಕ್ಲಿಪ್ ಹಾಕಿ ಡಬ್ಬದಲ್ಲಿಟ್ಟರು. ನನ್ನ ಕೆನ್ನೆಯನ್ನು ಒಮ್ಮೆ ತಟ್ಟಿ, “ಸಾಕು ಬಿಡವ್ವ, ದಣಿದು ಬಂದಿ. ಸಾರು ಕೊಡು” ಎಂದು ತಮಗೆ ಬರುವ ಕನ್ನಡದಲ್ಲೇ ಹೇಳಿದರು. ಆ ದಿನ ಮಾತ್ರ ಒಂದೇ ಬಟ್ಟಲು ಕುಡಿದರು.

ಮನೆಗೆ ಬಂದು ಗಂಡನಿಗೆ ಹೇಳಿದೆ, ಒಂದು ಸುಳ್ಳಿನಿಂದ ಒಂದು ಜೀವಕ್ಕೆ ನೆಮ್ಮದಿ ಸಿಕ್ಕಿತು ಎಂದು. ಅವರು ನಾರ್ತ್ ಸಿಡ್ನಿಯ ಆಫೀಸಿನ ಮೀಟಿಂಗಿನಲ್ಲಿ ಅರ್ಧ, ನನ್ನ ಮಾತಿನಲ್ಲಿ ಅರ್ಧ ಇದ್ದರು. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, “ನಿಮ್ಮ ಆಫೀಸಲ್ಲಿ ಇದಕ್ಕೆ ಏನಂತಾರೆ?” ಅಂದರು. ನಾನು ಪಾತ್ರೆ ತೊಳೆಯಲು ಹೋದೆ.

ಆ ಮೇಲೆ ಬೂದೆಮ್ಮ ಕಾಲುಭಾಗದ ಮಾತನ್ನು ಎತ್ತಲಿಲ್ಲ. ಹೋಗಲಿ, ಮನಸ್ಸು ತಂಪಾಯಿತು ಎಂದುಕೊಂಡೆ. ಎಳೆಯ ಸಂಶೋಧಕರಿಗೆ ಪತ್ರ ಬರೆಯುವುದನ್ನು ನಿಲ್ಲಿಸಿದರು, ವಿಶ್ರಾಂತಿ ಎಂದುಕೊಂಡೆ. ಎರಡೇ ತಿಂಗಳಲ್ಲಿ ಕಾರ್ಡಿನ ಡಬ್ಬಗಳನ್ನೆಲ್ಲ ತಾವು ಪಾಠ ಹೇಳಿದ ಮೆಲ್ಬರ್ನಿನ ವಿಶ್ವವಿದ್ಯಾಲಯಕ್ಕೆ ಕಳಿಸಿ ಕೊಟ್ಟರು, ಕೆಲಸ ಮುಗಿದ ತೃಪ್ತಿ ಎಂದುಕೊಂಡೆ. ಖಾಲಿ ಕಪಾಟಿನ ಎದುರು ಅವರು ಕೈಕಟ್ಟಿ ಕೂತಿರುವುದನ್ನು ವಾರವಾರ ನೋಡುತ್ತಿದ್ದೆ. ಕಂಡದ್ದೆಲ್ಲವನ್ನೂ ನನಗೆ ಬೇಕಾದ ಹಾಗೆ ಅರ್ಥಮಾಡಿಕೊಂಡೆ.

ಈ ವರ್ಷ ಚಳಿಗಾಲದಲ್ಲಿ ಆಸ್ಪತ್ರೆ ಸೇರಿದರು. ತೊಂಬತ್ತರ ಹತ್ತಿರದ ದೇಹ, ಒಂದು ನ್ಯುಮೋನಿಯಾ ಸಾಕಾಗಿತ್ತು. ಕಡೆಯ ಗುರುವಾರ ಮಧ್ಯಾಹ್ನ ರಜೆ ಹಾಕಿ ಸಾರು ತೆಗೆದುಕೊಂಡು ಹೋದೆ. ಚಮಚದಲ್ಲಿ ತುಟಿಗೆ ಮುಟ್ಟಿಸಿದಾಗ “ಮೆತ್ತಗ” ಅಂದರು. ನುಂಗಲಾಗಲಿಲ್ಲ. ಈಗ ಹೇಳಿಬಿಡಬೇಕು ಎಂದು ಬಾಯಿವರೆಗೆ ಬಂತು. ಸಾಯುವವರ ಕೈಯಿಂದ ಇರುವ ಒಂದೇ ಊರುಗೋಲು ಕಸಿದುಕೊಳ್ಳುವುದೇ ಎಂದು ನುಂಗಿಕೊಂಡೆ. ಅಷ್ಟರಲ್ಲಿ ನರ್ಸ್ ಬಂದು ಪರದೆ ಎಳೆದಳು. ಶನಿವಾರ ಬೆಳಿಗ್ಗೆ ಫೋನು ಬಂತು.

ಸ್ಮರಣೆಯ ಸಭೆ ಮೆಲ್ಬರ್ನಿನಲ್ಲಿ. ವಿಮಾನ ಹತ್ತಿ ಹೋದೆ. ತುಂತುರು ಮಳೆ, ಟ್ರ್ಯಾಮಿನ ಹಳಿಗಳ ಮೇಲೆ ಜಾರುವ ಚಳಿ. ಸಭೆಯಲ್ಲಿ ಬಿಳಿ ತಲೆಗಳು, ಒಳ್ಳೆಯ ಮಾತುಗಳು. ಬೂದೆಮ್ಮನ ಹಳೆಯ ಶಿಷ್ಯ, ಈಗ ಅವರ ಕಾಗದಪತ್ರಗಳನ್ನು ನೋಡಿಕೊಳ್ಳುವ ಗಡ್ಡದ ಮನುಷ್ಯ, ಕೊನೆಗೆ ಎದ್ದು ನಿಂತರು. ಗುರುಗಳು ಭಾರತದಲ್ಲಿ ಬಿಟ್ಟ ಕಾಲುಭಾಗ ಇನ್ನೂ ಹಾಗೇ ಇರುವುದಕ್ಕೆ ದಾಖಲೆ ಸಿಕ್ಕಿದೆ, ಅದನ್ನು ಅಗೆಯಲು ಅನುಮತಿಗೆ ಅರ್ಜಿ ಬರೆಯುತ್ತಿದ್ದೇವೆ, ಅವರ ಪುಸ್ತಕವನ್ನು ಪೂರ್ತಿ ಮಾಡುತ್ತೇವೆ ಎಂದರು. ದಾಖಲೆ ಎಂದರೆ ನನ್ನ ಕಾರ್ಡು. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದ ಹೆಂಗಸು ಕಣ್ಣೊರೆಸಿಕೊಂಡಳು. ನನಗೆ ಕೂತ ಕುರ್ಚಿಯೇ ಮುಳ್ಳಾಯಿತು.

ಆ ಹೊತ್ತಿಗೇ ಎದ್ದು ಹೇಳುವ ಧೈರ್ಯ ಬರಲಿಲ್ಲ. ಮರುದಿನ ಬೆಳಿಗ್ಗೆ ಆ ಶಿಷ್ಯರ ಆಫೀಸಿನ ಬಾಗಿಲು ತಟ್ಟಿದೆ. ಬಳ್ಳಾರಿಯ ಕಾರ್ಡು ನೋಡಬೇಕು ಅಂದೆ. ಅವರು ಕಂಪ್ಯೂಟರಿನಲ್ಲಿ ತೋರಿಸಿದರು. “ಮುಂಬದಿಗಳನ್ನೆಲ್ಲ ಸ್ಕ್ಯಾನ್ ಮಾಡಿದ್ದೇವೆ. ಹಿಂಬದಿ ಇನ್ನೂ ಆಗಬೇಕು. ಮೂಲ ಕಾರ್ಡೇ ಬೇಕಾ?” ಬೇಕು ಅಂದೆ. ಡಬ್ಬ ತಂದರು. ಸಾರಿನ ಕಲೆ ಬಿದ್ದಿದ್ದ ಅದೇ ಡಬ್ಬ.

ಮುಂದೆ ನಾನು ಹೇಳಿದ್ದಷ್ಟೇ ಇತ್ತು. ‘ಗುಡ್ಡ ಹಾಗೇ ಇದೆ. ಬಿಟ್ಟ ಮೂಲೆಯನ್ನು ಯಾರೂ ಮುಟ್ಟಿಲ್ಲ.’ ಕೆಳಗೆ ನನ್ನ ಹೆಸರು. ಕಂಡೆ ಕಂಡೆ ಎಂದು ನಾನು ಅಷ್ಟು ಹೇಳಿದ್ದರೂ ಮೂಲೆಯ ಗುರುತು ಮಾತ್ರ ‘ಕೇಳಿದ್ದು’ ಎಂದಿತ್ತು. ಕಾರ್ಡು ಮಗುಚಿದೆ. ಆ ನಡುಗುವ ಅಕ್ಷರ.

‘ಫೋಟೋದಲ್ಲಿರುವುದು ಭತ್ತದ ಹೊಟ್ಟಿನ ಬೂದಿ. ಹತ್ತು ವರ್ಷಕ್ಕಿಂತ ಹಳೆಯದಲ್ಲ. ಎಡಗಡೆ ಗಿರಣಿಯ ಚಿಮಣಿಯ ನೆರಳು. ಹಾಗಾದರೆ ನನ್ನ ಗುಡ್ಡ ಹೋಯಿತು. ಇವಳಿಗೆ ಹೇಳಲು ಆಗಲಿಲ್ಲ. ಕೇಳಬಾರದು.’

ಓದಿದೆ. ಮತ್ತೆ ಓದಿದೆ. ಬೂದಿಯನ್ನೇ ಅರವತ್ತು ವರ್ಷ ಓದಿದವರಿಗೆ ನಾನು ಬೂದಿಯ ಫೋಟೋ ತೋರಿಸಿ ನಂಬಿಸಲು ಹೊರಟಿದ್ದೆ! ಅದರ ನಾಚಿಕೆ ಒಂದು ಕಡೆ ಇರಲಿ. ಎರಡು ವರ್ಷ, ನೂರು ಗುರುವಾರ, ಆ ದುಃಖವನ್ನು ಅವರು ಒಬ್ಬರೇ ಇಟ್ಟುಕೊಂಡು ಕೂತಿದ್ದರು. ಎದುರಿಗೆ ನಾನು ಸಾರಿನ ಡಬ್ಬಿ ಹಿಡಿದು ಕೂತಿದ್ದೆ. ಹೇಳಿದ್ದರೆ ಗುಡ್ಡ ವಾಪಸು ಬರುತ್ತಿರಲಿಲ್ಲ. ಆದರೆ ಸತ್ತ ಮನೆಯಲ್ಲಿ ಪಕ್ಕ ಕೂತು ಅಳುವುದಕ್ಕೆ ಒಬ್ಬರು ಇರುತ್ತಿದ್ದರು. ಬದಲಿಗೆ ಅವರು ನನ್ನ ಸುಳ್ಳನ್ನೂ ಕಾಯಬೇಕಾಯಿತು. ನನಗೆ ನೋವಾಗದಂತೆ ನೋಡಿಕೊಳ್ಳುವ ಕೆಲಸವನ್ನೂ ಆ ಮುದುಕಿಯ ತಲೆಗೇ ಕಟ್ಟಿದ್ದೆ. ಆ ಪರವೂರಿನ ಆಫೀಸಿನಲ್ಲಿ, ಗುರುತಿಲ್ಲದ ಗಂಡಸಿನ ಎದುರು ಬಿಕ್ಕಿ ಬಿಕ್ಕಿ ಅತ್ತೆ. ಅವರು ಗಾಬರಿಯಾಗಿ ಟಿಶ್ಯೂ ಡಬ್ಬಿ ಹುಡುಕತೊಡಗಿದರು.

ಅಳು ನಿಂತ ಮೇಲೆ ಒಂದು ಖಾಲಿ ಕಾರ್ಡು ಕೇಳಿದೆ. ಬೂದೆಮ್ಮನದೇ ಕಟ್ಟಿನಲ್ಲಿ ಉಳಿದದ್ದು ಕೊಟ್ಟರು. ಮುಂಬದಿಯಲ್ಲಿ ಇಂಗ್ಲಿಷಿನಲ್ಲಿ ಬರೆದೆ: ಗುಡ್ಡ ಇಲ್ಲ. ಈಶಾನ್ಯದ ಕಾಲುಭಾಗವೂ ಇಲ್ಲ. ರಸ್ತೆಗೆ ಹೋಗಿದೆ. ಹಿಂದಿನ ಕಾರ್ಡಿನಲ್ಲಿ ನಾನು ಹೇಳಿದ್ದು ಸುಳ್ಳು. ಹೆಸರು, ತಾರೀಕು ಹಾಕಿದೆ. ಮೂಲೆಯಲ್ಲಿ ‘ಕಂಡದ್ದು’ ಎಂದು ಬರೆದೆ.

ಗಡ್ಡದವರು ಓದಿಕೊಂಡು ಕನ್ನಡಕ ತೆಗೆದರು. ಮೇಜಿನ ಮೇಲಿದ್ದ ಅರ್ಜಿಯ ಕರಡನ್ನು ಒಂದು ಬದಿಗೆ ಸರಿಸಿದರು. ನಾನು ಕಾರ್ಡು ವಾಪಸು ಇಸಿದುಕೊಂಡು ಮಗುಚಿ, ಹಿಂಬದಿಯಲ್ಲಿ ಕನ್ನಡದಲ್ಲಿ ಒಂದು ಸಾಲು ಬರೆದು, ಹಳೆಯ ಕಾರ್ಡಿನ ಹಿಂದೆ ಸೇರಿಸಿದೆ.

“ಹಿಂದೆ ಏನು ಬರೆದಿರಿ?” ಎಂದು ಕೇಳಿದರು.

‘ಅವರು ಇದ್ದಾಗಲೇ ಹೇಳಬೇಕಿತ್ತು’ ಎಂದು ಬರೆದಿದ್ದೆ. ಅವರಿಗೆ ಹೇಳಿದೆ.